ಬ್ಯಾಂಕಾಕಿನ ಬಾಣಲೆಯಲ್ಲಿ ಮೂರು ಖಂಡ

ಸಂಜೆಯಾಯಿತೆಂದರೆ ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನ ಬೀದಿಬದಿಯಲ್ಲಿ ಬಾಣಲೆಗಳ ಸದ್ದು ಏಳುತ್ತದೆ. ಅಕ್ಕಿಯ ನೂಡಲ್ಸ್, ಮೊಟ್ಟೆ, ತೋಫು, ಒಣಸೀಗಡಿ, ಹೆಸರುಕಾಳಿನ ಮೊಳಕೆ. ಜೊತೆಗೆ ಹುಣಸೆರಸ, ತಾಳೆಬೆಲ್ಲ, ಮೀನಿನ ಸಾಸ್. ಮೇಲೆ ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಪಕ್ಕದಲ್ಲಿ ನಿಂಬೆಹೋಳು. ಇದೇ 'ಪಾಡ್ ಥಾಯ್'. ಅಂದರೆ ಥಾಯ್ ರೀತಿಯಲ್ಲಿ ಹುರಿದದ್ದು.

ಹೆಸರು ಕೇಳಿದರೆ ಆ ನಾಡಿನ ಪುರಾತನ ತಿಂಡಿ ಎನಿಸುತ್ತದೆ. ವಾಸ್ತವ ಬೇರೆ. 1939ರಲ್ಲಿ ಸಯಾಂ ದೇಶಕ್ಕೆ ಥಾಯ್ಲೆಂಡ್ ಎಂಬ ಹೆಸರು ಬಂತು. ಆಗಿನ ಪ್ರಧಾನಿ ಪಿಬುನ್ ಸೊಂಗ್‌ಕ್ರಾಮ್ ನೂಡಲ್ಸ್ ತಿನ್ನುವಂತೆ ಜನರನ್ನು ಹುರಿದುಂಬಿಸಿದರು. ಪಾಡ್ ಥಾಯ್ ಮನೆಮಾತಾದದ್ದು ಆ ಬಳಿಕವೇ. ನೂಡಲ್ಸ್ ಚೀನೀಯರ ಕೊಡುಗೆ. ಹುಣಸೆಯ ತವರು ಆಫ್ರಿಕ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು.

ಮನೆಯಲ್ಲಿ ಮಾಡುವವರು ಒಣ ನೂಡಲ್ಸನ್ನು ಕುದಿಸಬಾರದು. ಪಿಷ್ಟ ಅತಿಯಾಗಿ ನೀರು ಹೀರಿ ಮುದ್ದೆಯಾಗುತ್ತದೆ. ತಣ್ಣೀರಿನಲ್ಲಿ ನೆನೆಸಿ, ಮುರಿಯದೆ ಬಾಗುವಷ್ಟು ಮೆತ್ತಗಾದಾಗ ಬಸಿದು, ಹುಳಿಬೆಲ್ಲದ ರಸದೊಡನೆ ದೊಡ್ಡ ಉರಿಯಲ್ಲಿ ಬೇಗ ಬೇಗ ಮಗುಚಬೇಕು. ಒಮ್ಮೆಗೆ ಇಬ್ಬರಿಗೆ ಸಾಕಾಗುವಷ್ಟೇ ಸರಿ. ಬಾಣಲೆ ತುಂಬಿದರೆ ಶಾಖ ಇಳಿದು, ನೀರು ಆವಿಯಾಗದೆ ಉಳಿಯುತ್ತದೆ. ಸಸ್ಯಾಹಾರಿಗಳಿಗೆ ಸೋಯಾ ಸಾಸ್ ಇದೆ.

ಕಡಲೆಕಾಯಿ ಕೊನೆಗೇ ಬೀಳಬೇಕು. ಮೊದಲೇ ಬಿದ್ದರೆ ತೇವ ಹೀರಿ ಗರಿಗರಿ ಕಳೆದುಕೊಳ್ಳುತ್ತದೆ. ಕೆಲವರ ದೇಹಕ್ಕೆ ಕಡಲೆಕಾಯಿ ಒಗ್ಗದೆ ಪ್ರಾಣಾಪಾಯವೂ ಆಗಬಹುದು. ಮಕ್ಕಳ ಗೆಳೆಯರಿಗೆ ಬಡಿಸುವ ಮುನ್ನ ಕೇಳಿಕೊಳ್ಳುವುದು ಕ್ಷೇಮ.

ಕನ್ನಡನಾಡಿನ ಒಗ್ಗರಣೆಯ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು. ತಟ್ಟೆಯ ಪಕ್ಕದಲ್ಲೊಂದು ಭೂಪಟವಿದ್ದರೆ ಊಟದ ರುಚಿ ಇನ್ನಷ್ಟು ಹೆಚ್ಚೀತು.