ಅಕ್ಕಡಿ ಸಾಲಿನ ಸೀಮೆ: ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಪ್ರವಾಸಿ ಆಂಧ್ರದಲ್ಲಿ ಹೊರಟು, ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರದಲ್ಲಿ ಇಳಿಯುತ್ತಾನೆ. ಊರ ಫಲಕಗಳ ಲಿಪಿ ಎರಡು ಬಾರಿ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಅದೇ ಕೆಮ್ಮಣ್ಣು, ಅದೇ ಬಂಡೆಗುಡ್ಡ, ಅದೇ ಹುಣಸೆಮರ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 2022ರಲ್ಲಿ ಅದೂ ಒಡೆದು ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಎಲ್ಲೆಗಳು ಎಷ್ಟು ಸಲ ಬದಲಾದರೂ ರೈತನ ಚಿಂತೆ ಒಂದೇ: ಮಳೆ.

ಪಶ್ಚಿಮ ಘಟ್ಟಗಳ ಮಳೆನೆರಳಿನ ನಾಡಿದು. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ. ಅದೂ ಹೇಳಿದ ಕಾಲಕ್ಕೆ ಬಾರದು. ಆದುದರಿಂದಲೇ ಹಿರಿಯರು ಒಂದೇ ಬೆಳೆಯನ್ನು ನಂಬಿ ಕೂಡಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಹರಳುಗಳನ್ನು ಬಿತ್ತಿದರು. ಸಜ್ಜೆ, ನವಣೆ, ಹುರುಳಿಗಳಿಗೂ ಹೊಲದಲ್ಲಿ ಎಡೆಯಿತ್ತು. ರಾಗಿಯ ಬೇರು ಮೇಲ್ಮಣ್ಣಿನ ತೇವವನ್ನು ಹೀರಿದರೆ, ತೊಗರಿಯದು ಆಳದ ತೇವವನ್ನು ಹುಡುಕುತ್ತದೆ. ಅವರೆ, ಅಲಸಂದೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಜೋಳದ ತೆನೆಯ ಮೇಲೆ ಕುಳಿತ ಹಕ್ಕಿ ಹುಳುವನ್ನೂ ಹೆಕ್ಕುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಮನೆಯನ್ನು ಕಾಯುತ್ತದೆ.

ದನಕುರಿಗಳಿಲ್ಲದೆ ಈ ಬೇಸಾಯ ಪೂರ್ಣವಾಗದು. ಹುಲ್ಲು, ಹೊಟ್ಟು ಕೊಟ್ಟಿಗೆಗೆ; ಗೊಬ್ಬರ ಹೊಲಕ್ಕೆ. ಕೊಯ್ಲು ಮುಗಿದ ಮೇಲೆ ಕುರುಬರನ್ನು ಕರೆದು ರಾತ್ರಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ರೂಢಿ ಈ ಸೀಮೆಯದು. ಹಿಕ್ಕೆ, ಗಂಜಲ ಎರಡೂ ಬಿದ್ದ ಜಾಗದಲ್ಲೇ ಸಾರವಾಗುತ್ತವೆ. ಸಾಗಿಸುವ ಗಾಡಿಯ ಖರ್ಚಿಲ್ಲ.

ಈ ಏರ್ಪಾಡನ್ನು ಸಡಿಲಿಸಿದ್ದು ಕಡಲೆಕಾಯಿ. ಕೈಗೆ ನಗದು ಕೊಡುವ, ಬರವನ್ನೂ ಒಂದಿಷ್ಟು ತಾಳುವ ಈ ಬೆಳೆಯನ್ನು ರೈತ ಆರಿಸಿಕೊಂಡದ್ದು ತಪ್ಪೆನ್ನಲಾಗದು. ಆದರೆ ದಿಗಂತದವರೆಗೂ ಅದೊಂದೇ ಹಬ್ಬಿದಾಗ ಅಪಾಯವೂ ಒಂದೇ ಆಯಿತು. 2000ನೆಯ ಇಸವಿಯಲ್ಲಿ ಕಾಂಡವನ್ನು ಒಣಗಿಸುವ ನಂಜುರೋಗವೊಂದು ಅನಂತಪುರ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ಕಡಲೆಕಾಯಿಯನ್ನು ಹೊಡೆಯಿತು. ನಷ್ಟದ ಅಂದಾಜು 300 ಕೋಟಿ ರೂಪಾಯಿಗೂ ಹೆಚ್ಚು. ಬದುವಿನ ಪಾರ್ಥೇನಿಯಂ ಗಿಡದ ಪರಾಗದಲ್ಲಿ ಆ ನಂಜು ಅಡಗಿತ್ತು. ಥ್ರಿಪ್ಸ್ ಎಂಬ ಅತಿ ಸಣ್ಣ ಕೀಟಗಳು ಎಲೆಯನ್ನು ಕೆರೆದಾಗ ಅದು ಒಳಹೊಕ್ಕಿತು. ವಿಜ್ಞಾನಿಗಳು ಸೂಚಿಸಿದ ಪರಿಹಾರಗಳಲ್ಲಿ ಒಂದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಸಾಲುಗಳನ್ನು ಬೆಳೆಸುವುದು. ಎತ್ತರದ ಪೈರು ಗಾಳಿಯಲ್ಲಿ ಬರುವ ಕೀಟಕ್ಕೆ ತಡೆಯಾಗುತ್ತದೆ. ಅಜ್ಜಂದಿರ ಜೋಳದ ಸಾಲು ಹೀಗೆ ಮರಳಿ ಹೊಲಕ್ಕೆ ಬಂದಿತು!

ಮರಳುವಿಕೆಯ ಬೇರೆ ಕುರುಹುಗಳೂ ಇವೆ. ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಆರಂಭವಾದ ಟಿಂಬಕ್ಟು ಕಲೆಕ್ಟಿವ್ ಬರಡು ಗುಡ್ಡಗಳಿಗೆ ಹಸಿರು ತಂದು, ರೈತರನ್ನು ಸಾವಯವ ಕಿರುಧಾನ್ಯಗಳತ್ತ ಕರೆದೊಯ್ದಿತು. 2016ರಲ್ಲಿ ಆಂಧ್ರ ಸರ್ಕಾರ ಆರಂಭಿಸಿದ ನೈಸರ್ಗಿಕ ಕೃಷಿ ಕಾರ್ಯಕ್ರಮದಲ್ಲಿ, ಮುಂಗಾರಿಗೆ ಮೊದಲೇ ಹಲವು ಬಗೆಯ ಬೀಜಗಳಿಗೆ ಜೇಡಿಮಣ್ಣು, ಬೂದಿ, ಜೀವಾಮೃತಗಳ ಲೇಪ ಕೊಟ್ಟು ಒಣನೆಲದಲ್ಲಿ ಬಿತ್ತುವ ಕ್ರಮ ಬೆಳೆಯಿತು. 2024ರಲ್ಲಿ ಈ ಕಾರ್ಯಕ್ರಮ ಪೋರ್ಚುಗಲ್‌ನ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಆದರೆ ಜೀವಾಮೃತಕ್ಕೆ ಸಗಣಿ, ಗಂಜಲ ಬೇಕು. ಅದಕ್ಕೆ ಕೊಟ್ಟಿಗೆ ಬೇಕು. ಕೊಟ್ಟಿಗೆಗೆ ಕೈಗಳು ಬೇಕು. ದುಡಿಯುವ ಕೈಗಳೆಲ್ಲ ಬೆಂಗಳೂರಿನ ದಾರಿ ಹಿಡಿದರೆ ಯಾವ ಯೋಜನೆಯೂ ಹೊಲವನ್ನು ಉಳಿಸಲಾರದು.

ಗಡಿಯಾಚೆಯ ನಮ್ಮ ಮನೆಗಳಿಗೆ ಇದರಲ್ಲಿ ಇನ್ನೊಂದು ಪಾಲಿದೆ. ಶಾಲೆಯ ಪುಸ್ತಕದಲ್ಲಿ ಕನ್ನಡ ಕಾಣದ ಮಗುವೂ ಹುಚ್ಚೆಳ್ಳು, ನವಣೆ, ಅಕ್ಕಡಿ ಎಂಬ ಮಾತುಗಳನ್ನು ಹೊಲದಲ್ಲಿ, ಅಡಿಗೆಮನೆಯಲ್ಲಿ ಕಲಿಯುತ್ತದೆ. ಬೆಳೆ ಹೋದರೆ ಅದರ ಹೆಸರೂ ಹೋಗುತ್ತದೆ. ಬರುವ ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತುವವರು ಬಿತ್ತಲಿ; ಜೊತೆಗೆ ನಾಲ್ಕು ಸಾಲು ಸಜ್ಜೆ, ಎರಡು ಸಾಲು ತೊಗರಿ, ಬದುವಿಗೆ ಒಂದಿಷ್ಟು ಅವರೆ ಇರಲಿ. ಮಡಕೆಯಲ್ಲಿ ಬಿತ್ತನೆ ಬೀಜ ಕಾದಿಡುವ ತಾಯಂದಿರು ಇನ್ನೂ ಇದ್ದಾರೆ. ಅವರಿರುವಾಗಲೇ ಆ ವಿದ್ಯೆಯನ್ನು ಸೊಸೆಯಂದಿರು, ಹೆಣ್ಣುಮಕ್ಕಳು ಕೇಳಿ ಕಲಿಯಲಿ.