ಸ್ನೀಕರ್‌ನ ಸಂಖ್ಯೆ ಮತ್ತು ಪಾದದ ಅಗಲ

ದೆಹಲಿಯ ಕರೋಲ್ ಬಾಗ್‌ನ ಅಂಗಡಿಗಳಲ್ಲಿ ಸಿಗುವ ಚರ್ಮದ ಸ್ನೀಕರ್‌ಗಳ ಮೇಲಿನ ಬ್ರಿಟಿಷ್ ಅಳತೆ ಮುಖ್ಯವಾಗಿ ಉದ್ದವನ್ನು ಸೂಚಿಸುತ್ತದೆ. ಅದರಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪಿಯನ್ನರದಕ್ಕಿಂತ ಅಗಲವೆಂದು ಕಂಡುಕೊಂಡಿತು. ‘ಭಾ’ ಎಂಬ ದೇಶೀಯ ಅಳತೆಯ ಪ್ರಸ್ತಾವ ಹುಟ್ಟಿದ್ದು ಇಲ್ಲಿಂದಲೇ. ಬೆರಳುಗಳ ಬುಡದಲ್ಲಿ ಬಿಗಿಯಾಯಿತೆಂದು ಒಂದು ಸಂಖ್ಯೆ ದೊಡ್ಡದನ್ನು ಕೊಂಡವರಿಗೆ ಬೇಕಾದ ಅಗಲಕ್ಕಿಂತ ಬೇಡದ ಉದ್ದವೇ ಹೆಚ್ಚು ದೊರೆತು, ನಡೆಯುವಾಗ ಹಿಮ್ಮಡಿ ಜಾರುತ್ತದೆ, ಮೇಲಿನ ಚರ್ಮ ತಪ್ಪು ಜಾಗದಲ್ಲಿ ಮಡಿಕೆಯಾಗುತ್ತದೆ. ಚರ್ಮ ದಿನಕಳೆದಂತೆ ಅಗಲಕ್ಕೆ ಸಡಿಲಗೊಳ್ಳುತ್ತದೆಯೇ ಹೊರತು ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲವಾದ್ದರಿಂದ, ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿದ್ದು, ಪಕ್ಕಗಳಲ್ಲಿ ನೋವಿಲ್ಲದಷ್ಟು ಬಿಗಿತವಿರುವ ಜೋಡಿಯೇ ಸರಿಯಾದದ್ದು. ಜನವರಿಯ ಉಣ್ಣೆಯ ಕಾಲುಚೀಲಕ್ಕೂ ಮೇ ತಿಂಗಳ ತೆಳು ಹತ್ತಿಯದಕ್ಕೂ ಬಹಳ ವ್ಯತ್ಯಾಸವಿರುವ ದೆಹಲಿಯಲ್ಲಿ, ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತು, ವರ್ಷದಲ್ಲಿ ಹೆಚ್ಚು ಕಾಲ ಧರಿಸುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಹಾಕಿಕೊಂಡು ನಡೆದು ನೋಡುವುದು ಅಗತ್ಯ.