ಬೆಂಡೆಕಾಯಿ ಹೂವಿನ ಕಾರ್ಡು

ಪಲ್ಯಕ್ಕೆ ಎಳೆ ಬೆಂಡೆಕಾಯಿ ಬೇಕು. ಅಚ್ಚೊತ್ತಲು ಬಲಿತದ್ದೇ ಆಗಬೇಕು. ತುದಿ ಹಿಡಿದರೆ ಪಟ್ಟನೆ ಮುರಿಯದೆ ಬಾಗುವಂಥ ಕಾಯಿ. ತೊಟ್ಟಿನ ಕೆಳಗೆ ಅಡ್ಡಕ್ಕೆ ಕೊಯ್ದು, ಬೀಜಗಳನ್ನು ಪಿನ್ನಿನ ಮೊನೆಯಿಂದ ತೆಗೆದು, ಲೋಳೆಯನ್ನು ಹಳೆಯ ಬನೀನಿನ ಚೂರಿನಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಇಡಬೇಕು. ಅವಸರಪಟ್ಟರೆ ಲೋಳೆ ಬಣ್ಣದೊಂದಿಗೆ ಬೆರೆತು ಎಸಳು ಕದಡಿಹೋಗುತ್ತದೆ. ಒಣಗಿದ ಮೇಲೆ ಪೋಸ್ಟರ್ ಕಲರ್ ಸವರಿ, ಕಾಗದದ ಮೇಲಿಟ್ಟು, ಅಲುಗಾಡಿಸದೆ ಒತ್ತಿ ನೇರ ಮೇಲಕ್ಕೆತ್ತಿದರೆ ಐದೆಸಳಿನ ಹೂವು. ಬೀಜವಿದ್ದ ಕೋಣೆಗಳು ಬೆಳ್ಳಗೆ ಉಳಿಯುತ್ತವೆ, ಸುತ್ತಲಿನ ಗೋಡೆ ಮಾತ್ರ ಬಣ್ಣದ ಗೆರೆಯಾಗಿ ಮೂಡುತ್ತದೆ. ಹೀರೇಕಾಯಿಗೆ ಹತ್ತು ಏಣು, ಅದು ನಮಗೆ ಸೂರ್ಯಕಾಂತಿ. ಹಾಗಲಕಾಯಿ ಅಂಚು ಅಂಚಾಗಿ ಸೇವಂತಿಗೆ ಬಿಡುತ್ತಿತ್ತು.

1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಂದಿರಾನಗರದ ನಮ್ಮ ಮನೆಯ ವರಾಂಡದಲ್ಲಿ ಹೀಗೆ ಶುಭಾಶಯದ ಕಾರ್ಡು ಮಾಡಲು ಕೂರುತ್ತಿದ್ದವರೆಲ್ಲ ಹಲಸೂರಿನ ಒಂದೇ ಶಾಲೆಯ ಗೆಳತಿಯರು. ಒಬ್ಬಳ ಮನೆ ಹಲಸೂರಿನ ಬಜಾರ್ ಬೀದಿಯಲ್ಲಿ, ಒಬ್ಬಳದು ಶಿವಾಜಿನಗರದ ಮಸೀದಿಯ ಹಿಂದೆ. ಇನ್ನೊಬ್ಬಳು ದೂರವಾಣಿನಗರದ ಐಟಿಐ ಕಾಲೊನಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿಯ ಮಗಳು ಮಾತ್ರ ಕಾಂಪೌಂಡ್ ಹಾರಿಯೇ ಬರುವವಳು. ಅಂಗಡಿಯಲ್ಲಿ ಕಾರ್ಡು ಸಿಗುತ್ತಿರಲಿಲ್ಲವೆಂದಲ್ಲ. ಎಂ.ಜಿ. ರಸ್ತೆಯ ಹಿಗ್ಗಿನ್‌ಬಾಥಮ್ಸ್, ಗಂಗಾರಾಮ್ಸ್‌ಗಳಲ್ಲಿ ಸಾಲುಸಾಲಾಗಿ ಇರುತ್ತಿದ್ದವು, ಹಿಮ ಬಿದ್ದ ಮನೆ, ಇಂಗ್ಲೆಂಡಿನ ಗುಲಾಬಿ. ನಮ್ಮ ಬೀದಿಯಲ್ಲಿ ಬಿಡುತ್ತಿದ್ದ ಹೂವು ಆ ಕಾರ್ಡುಗಳಲ್ಲಿ ಒಂದೂ ಇರಲಿಲ್ಲ. ನಮಗೆ ಬೇಕಾದದ್ದು ಅದೇ ಹೂವು.

ಸಾಮಗ್ರಿಗೆ ಕಂಟೋನ್ಮೆಂಟೇ ಸಾಕಿತ್ತು. 1927ರಲ್ಲಿ ಕಟ್ಟಿಸಿದ ರಸೆಲ್ ಮಾರ್ಕೆಟ್ಟಿಗೆ ಅಮ್ಮ ತರಕಾರಿಗೆ ಹೋಗುವಾಗ ನಾನು ಚೀಲ ಹಿಡಿದು ಹಿಂದೆ. ಬಲಿತ ಬೆಂಡೆಕಾಯಿಯನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ನಮಗೆ ಬಿಟ್ಟಿ. ಹೊರಗೆ ಹೂವಿನವರ ಸಾಲು. ಗ್ಲಾಡಿಯೋಲಸ್ ಕಟ್ಟಿಗೆ ಸುತ್ತಿ ಎಸೆದ ತೆಳು ಬಣ್ಣದ ಕಾಗದವನ್ನು ನಾವು ಮಡಿಸಿ ತಂದು ಇಸ್ತ್ರಿ ಹಾಕುತ್ತಿದ್ದೆವು. ಕಮರ್ಷಿಯಲ್ ಸ್ಟ್ರೀಟಿನ ಬಗಲಿನ ಇಬ್ರಾಹಿಂ ಸಾಹೇಬ್ ಬೀದಿಯಲ್ಲಿ ಚಮಕಿ, ಜರಿ, ಲೇಸು. ಲೇಸಿನ ಥಾನು ಮುಗಿದಾಗ ಉಳಿಯುವ ಗೇಣುದ್ದದ ತುಂಡುಗಳನ್ನು ಅಂಗಡಿಯವರು ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದರು, ಕೇಳಿದರೆ ಕೊಡುತ್ತಿದ್ದರು. ಐಟಿಐ ಕಾಲೊನಿಯವಳು ತಂದದ್ದು ಹಳೆಯ ಟೆಲಿಫೋನ್ ಡೈರೆಕ್ಟರಿ. ಅವಳ ಅಪ್ಪ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನು ಜೋಡಿಸುತ್ತಿದ್ದವರು. ಆ ದಪ್ಪ ಪುಸ್ತಕದ ಹಾಳೆಗಳ ನಡುವೆ ಕಾಗದದ ಹೂವನ್ನು (ಬೋಗನ್‌ವಿಲ್ಲಾ) ಒತ್ತಿಟ್ಟರೆ ಬಣ್ಣ ಹಾಗೇ ಉಳಿಯುತ್ತಿತ್ತು. ಗುಲ್‌ಮೊಹರ್ ಒತ್ತಿದರೆ ಕಂದಿ ಕಪ್ಪಾಗುತ್ತದೆ; ಅದನ್ನು ಅಚ್ಚಿನಲ್ಲೇ ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ನಿಧಿ ಬಂದದ್ದು ಶಿವಾಜಿನಗರದ ಗೆಳತಿಯ ಕಡೆಯಿಂದ. ಅವಳ ಮಾಮು ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದರು. ಉರ್ದು, ತಮಿಳು, ಕನ್ನಡ, ಇಂಗ್ಲಿಷ್, ನಾಲ್ಕು ಭಾಷೆಯ ಮದುವೆಗಳೂ ಅಲ್ಲಿ ಅಚ್ಚಾಗುತ್ತಿದ್ದವು. ಡೈ ಅಂದರೇನೆಂದು ನಾವು ಕಂಡದ್ದು ಅಲ್ಲೇ. ಪ್ಲೈವುಡ್ ಹಲಗೆಯಲ್ಲಿ ಹೂವಿನ ಆಕಾರಕ್ಕೆ ಗರಗಸದಿಂದ ಸೀಳು ಮಾಡಿ, ಉಕ್ಕಿನ ಪಟ್ಟಿಯನ್ನು ಅದೇ ಬಳುಕಿಗೆ ಬಗ್ಗಿಸಿ ಬಡಿದು ಕೂರಿಸಿರುತ್ತಾರೆ; ಮೇಲೆ ನಿಂತ ಅಂಚು ಹರಿತ. ಮಡಿಕೆ ಬರಬೇಕಾದ ಕಡೆ ಮೊಂಡು ಪಟ್ಟಿ. ಅಲಗಿನ ಎರಡೂ ಬದಿಗೆ ರಬ್ಬರಿನ ತುಂಡುಗಳು, ಕತ್ತರಿಸಿದ ಕಾಗದ ಸಿಕ್ಕಿಕೊಳ್ಳದೆ ಹೊರಗೆ ಬರಲೆಂದು. ಅಚ್ಚು ಹಾಕುವ ಟ್ರೆಡಲ್ ಮಷಿನ್ನಿನಿಂದಲೇ ಶಾಯಿಯ ರೋಲರುಗಳನ್ನು ಕಳಚಿ, ಅಕ್ಷರಗಳಿದ್ದ ಜಾಗದಲ್ಲಿ ಡೈ ಕೂರಿಸಿದರೆ ಕತ್ತರಿಸುವ ಮಷಿನ್ ಸಿದ್ಧ. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಐವರಿ ಕಾರ್ಡಿನ ಹಾಳೆಯಲ್ಲೊಂದು ಹೂವಿನಾಕಾರದ ಕಿಟಕಿ. ಕಿಟಕಿ ಮದುವೆ ಮನೆಗೆ ಹೋಗುತ್ತಿತ್ತು. ಕೆಳಗೆ ಬಿದ್ದ ಹೂವುಗಳನ್ನು ಮಾಮು ಸಕ್ಕರೆಯ ಖಾಲಿ ಚೀಲದಲ್ಲಿ ತುಂಬಿ ನಮಗೆ ಕಳಿಸುತ್ತಿದ್ದರು. ಕಮಲ, ಮಾವಿನೆಲೆ, ಒಮ್ಮೊಮ್ಮೆ ಪುಟ್ಟ ಕಲಶ. ಹಲಸೂರಿನ ಕೆಲವು ಅಂಗಡಿಗಳಲ್ಲಿ ಸಿಗುತ್ತಿದ್ದ ಯಾವ ಸ್ಟಿಕ್ಕರೂ ಅವುಗಳ ಸಮಕ್ಕೆ ಬರುತ್ತಿರಲಿಲ್ಲ. ಅಂಚು ಅಷ್ಟು ಚೂಪು, ಬಿಳುಪು ಅಷ್ಟು ಗಟ್ಟಿ.

ಆ ವರ್ಷಗಳಲ್ಲಿ ರಂಜಾನ್ ಮೇ ತಿಂಗಳಲ್ಲಿ ಬರುತ್ತಿತ್ತು. ಬೇಸಿಗೆ ರಜೆ, ಬೀದಿ ತುಂಬ ಗುಲ್‌ಮೊಹರ್. ಅದಕ್ಕೂ ಐದೇ ಎಸಳು, ನಾಲ್ಕು ಕೆಂಪು, ಮೇಲೆ ಎದ್ದು ನಿಂತ ಐದನೆಯದರಲ್ಲಿ ಬಿಳಿ ಹಳದಿ ಗೀರು. ಬೆಂಡೆಕಾಯಿಯಿಂದ ಕೆಂಪು ಹೂ ಒತ್ತಿ, ಒಂದೆಸಳಿಗೆ ಮಾತ್ರ ಕುಂಚದ ತುದಿಯಿಂದ ಬಿಳಿ ಚುಕ್ಕಿ ಇಟ್ಟರೆ ನಮ್ಮ ಈದ್ ಕಾರ್ಡು. ಆದರೆ ನಾವು ಮಡಿಸಿಟ್ಟ ಕಾರ್ಡನ್ನು ಶಿವಾಜಿನಗರದವಳ ಅಜ್ಜಿ ತಿರುಗಿಸಿ ನೋಡಿ, ಮಡಿಕೆ ಬಲಗಡೆ ಇರಬೇಕು ಮಕ್ಕಳೇ ಎಂದರು. ಉರ್ದು ಬಲದಿಂದ ಎಡಕ್ಕೆ ಓದುವುದು, ಕಾರ್ಡೂ ಹಾಗೇ ತೆರೆಯಬೇಕು. ಅಂದಿನಿಂದ ನಮ್ಮ ಡಬ್ಬಿಯಲ್ಲಿ ಎರಡು ಬಗೆಯ ಮಡಿಕೆಯ ಕಾರ್ಡುಗಳು. ಮೇಲೆ ಚಂದಕ್ಕೆ ಈದ್ ಮುಬಾರಕ್ ಬರೆಯುವ ಕೆಲಸ ಅಜ್ಜಿಯದೇ. ಬಿದಿರಿನ ಕಲಮಿನಿಂದ ಅವರು ಎಳೆಯುತ್ತಿದ್ದ ಆ ಉದ್ದನೆ ಗೆರೆಯ ಕೊನೆಯಲ್ಲಿ ನಾವು ಹೂ ಅಂಟಿಸುತ್ತಿದ್ದೆವು.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹೂವಿನ ಪಲ್ಲಕ್ಕಿ ಬಂದರೆ ಬಜಾರ್ ಬೀದಿಯವಳ ಮನೆಯಲ್ಲೇ ಎಲ್ಲರ ಠಿಕಾಣಿ. ರಾತ್ರಿಯಿಡೀ ಹೂವಿನಲ್ಲೇ ಮುಳುಗಿ ಬರುವ ಪಲ್ಲಕ್ಕಿಗಳನ್ನು ನೋಡಿದ ಮೇಲೆ ಒಂದು ಕಾರ್ಡಿನಲ್ಲಿ ಎಷ್ಟು ಹೂ ಹಿಡಿಸಬಹುದು ಎಂಬ ನಮ್ಮ ಲೆಕ್ಕವೇ ಬದಲಾಯಿತು. ಖಾಲಿ ಜಾಗ ಬಿಟ್ಟರೆ ಚೆಂದ ಎಂದು ಡ್ರಾಯಿಂಗ್ ಟೀಚರು ಹೇಳಿಕೊಟ್ಟಿದ್ದರು. ಹಲಸೂರು ಬೇರೆಯದನ್ನೇ ಹೇಳಿಕೊಟ್ಟಿತು. ನನಗೆ ಇಂದಿಗೂ ಒತ್ತೊತ್ತಾಗಿ ಹೂ ತುಂಬಿದ ಕಾರ್ಡೇ ಇಷ್ಟ.

ಡಿಸೆಂಬರಿನಲ್ಲಿ ಆಂಟಿಯ ಸರದಿ. ರೋಸ್ ಕುಕ್ಕಿ, ಕಲ್‌ಕಲ್ ಕರಿಯುತ್ತ ಅಡುಗೆಮನೆಯಿಂದಲೇ ಆಜ್ಞೆ ಹೊರಡಿಸುತ್ತಿದ್ದರು. ಹೊಲಿಗೆಗೆ ಬಳಸುವ ಹಲ್ಲಿನಂಚಿನ ಕತ್ತರಿಯನ್ನು ಅವರು ಯಾರ ಕೈಗೂ ಕೊಡರು. ನಮ್ಮ ಕಾರ್ಡುಗಳ ಅಂಚನ್ನು ತಾವೇ ಕತ್ತರಿಸಿಕೊಡುತ್ತಿದ್ದರು. ಅವರ ಅಂಗಳದಲ್ಲಿ ಕೆಂಪಗೆ ಬಿಟ್ಟಿರುತ್ತಿದ್ದ ಪಾಯಿನ್‌ಸೆಟಿಯಾ ನೋಡಿಕೊಂಡು ಪೆನ್ಸಿಲ್ ರಬ್ಬರಿನಲ್ಲಿ ಎಲೆಯಾಕಾರ ಕೊರೆದು, ಸ್ಟಾಂಪ್ ಪ್ಯಾಡಿಗೆ ಒತ್ತಿ ಒತ್ತಿ ಸುತ್ತ ಜೋಡಿಸುವುದು. ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬಾತ ಪತ್ರ ಬರೆಯಲು ಪುರುಸೊತ್ತಿಲ್ಲದೆ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದನಂತೆ. ನಮಗಾದರೋ ಪುರುಸೊತ್ತು ಬೇಕಾದಷ್ಟಿತ್ತು. ಲಕೋಟೆಯ ಬಾಯಿಯನ್ನು ಅಂಟಿಸದೆ ಒಳಗೆ ಮಡಿಸಿ, ಬುಕ್ ಪೋಸ್ಟ್ ಎಂದು ಬರೆದು, ಕಡಿಮೆ ಬೆಲೆಯ ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕುತ್ತಿದ್ದೆವು. ಅರ್ಧದಷ್ಟು ಕಾರ್ಡುಗಳು ಒಂದು ಮೈಲಿಯೊಳಗಿನ ಮನೆಗಳಿಗೇ. ಕೈಯಲ್ಲೇ ಕೊಡಬಹುದಿತ್ತು. ಆದರೆ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ಹೆಸರು ಕೂಗುವ ಸಂಭ್ರಮವನ್ನು ಯಾರು ಬಿಡುತ್ತಾರೆ?

1990ರ ದಶಕದಲ್ಲಿ ಎಲ್ಲರ ಮನೆಗೂ ಫೋನು ಬಂತು. ಆಮೇಲೆ ಕಾಲೇಜು, ಮದುವೆ. ಆಂಟಿಯ ಕುಟುಂಬ ಆಸ್ಟ್ರೇಲಿಯಾದ ಪರ್ತ್‌ಗೆ ಹೋಯಿತು. ವರಾಂಡದ ಮನೆ ಈಗಿಲ್ಲ. ಇಂದಿರಾನಗರದ ಸಿಎಂಎಚ್ ರಸ್ತೆಯ ಮೇಲೆ 2011ರಿಂದ ಮೆಟ್ರೋ ಓಡುತ್ತಿದೆ.

ಹೂ ಕತ್ತರಿಸುವ ಹುಚ್ಚು ಮಾತ್ರ ಯಾರಿಗೂ ಬಿಟ್ಟಿಲ್ಲ. ಪರ್ತ್‌ನವಳ ಬಳಿ ಸಿಜಿಕ್ಸ್ ಮಷಿನ್ ಇದೆ, ಡೈ ಮೇಲೆ ಕಾಗದ, ಆಚೀಚೆ ಪ್ಲಾಸ್ಟಿಕ್ ಹಲಗೆ, ಹಿಡಿ ತಿರುಗಿಸಿದರೆ ಸಾಕು. ವಿಡಿಯೋ ಕರೆಯಲ್ಲಿ ತೋರಿಸಿದಾಗ ಶಿವಾಜಿನಗರದವಳು ತಟ್ಟನೆ ಗುರುತಿಸಿದಳು, ಮಾಮುವಿನ ಮಷಿನ್ ಇದೇ ಅಲ್ಲವೇನೇ, ಗಾತ್ರ ಸಣ್ಣದು ಅಷ್ಟೇ ಎಂದು. ಕೆ.ಆರ್. ಪುರದಲ್ಲಿರುವ ನನ್ನ ತಂಗಿಯ ಮಗಳಿಗೂ ಒಂದು ತರಿಸಿಕೊಟ್ಟೆ. ಅವಳು ಅದರಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಮಾಡುತ್ತಾಳೆ, ಮೂರು ಪದರ ಕಾಗದ, ಬೆರಳ ತುದಿಯಲ್ಲಿ ಎಸಳು ಬಾಗಿಸಿ, ನಡುವೆ ಹಳದಿ.

2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್. ಎರಡಕ್ಕೂ ಸೇರಿಸಿ ಒಂದೇ ಕಾರ್ಡು ಮಾಡೋಣವೆಂದು ದೂರವಾಣಿನಗರದವಳ ಒತ್ತಾಯ. ಮಡಿಕೆ ಎಡಕ್ಕೋ ಬಲಕ್ಕೋ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಕೊನೆಗೆ ಎರಡೂ ಬದಿಗೆ ಮಡಿಸಿ, ನಡುವೆ ಬಾಗಿಲಿನಂತೆ ತೆರೆಯುವ ಕಾರ್ಡು ಮಾಡಿದೆವು. ಎಡ ಬಾಗಿಲಿಗೆ ಕನ್ನಡ, ಬಲ ಬಾಗಿಲಿಗೆ ಉರ್ದು. ಅಜ್ಜಿಯ ಕಲಮು ಈಗ ಮೊಮ್ಮಗಳ ಕೈಯಲ್ಲಿ. ಒಳಗೆಲ್ಲ ಬೇವಿನ ಹೂವು. ಅದೂ ಐದೆಸಳಿನದೇ, ತೀರ ಪುಟ್ಟದು. ಅಂಥ ಡೈ ಯಾರ ಬಳಿಯೂ ಇರಲಿಲ್ಲ. ಬೆಂಡೆಕಾಯಿಯ ತುದಿಯ ಸಣ್ಣ ಭಾಗವನ್ನೇ ಕೊಯ್ದು, ಬಿಳಿ ಬಣ್ಣದಲ್ಲಿ, ಹಸಿರು ಕಾಗದದ ಮೇಲೆ ಒತ್ತಿದೆವು. ಪರ್ತ್‌ಗೆ ಹೋದದ್ದು ಹಬ್ಬ ಕಳೆದ ಮೇಲೆ ತಲುಪಿತು. ಬೆಂಡೆಕಾಯಿ ಅಂತ ನೋಡಿದ ತಕ್ಷಣ ಗೊತ್ತಾಯಿತು, ನಮ್ಮಮ್ಮನಿಗೂ ತೋರಿಸಿದೆ ಎಂದು ಅವಳು ಬರೆದಿದ್ದಾಳೆ. ಅಂಚನ್ನು ಯಾರು ಇಷ್ಟು ಸೊಟ್ಟಗೆ ಕತ್ತರಿಸಿದ್ದು ಎಂದು ಆಂಟಿ ಕೇಳಿದರಂತೆ.